ಗೇರ್ ಬಾಕ್ಸ್ ಇಳಿಸುವ ಮುಂಚೆ ಬ್ರೀದರ್ ಪೈಪ್ ನೋಡಿ

ಹಳೇ ಲಾರಿ ಇರುವವರು ದಯವಿಟ್ಟು ಓದಿ. ಎಂಜಿನ್ ಹಿಂದುಗಡೆಯಿಂದ ಆಯಿಲ್ ತೊಟ್ಟಿಕ್ಕುತ್ತಿದ್ದರೆ, "ಕ್ರ್ಯಾಂಕಿನ ಹಿಂದಿನ ಸೀಲ್ ಹೋಗಿದೆ, ಗೇರ್ ಬಾಕ್ಸ್ ಇಳಿಸಬೇಕು" ಅಂತ ಯಾರಾದರೂ ಹೇಳಿದ ತಕ್ಷಣ ಹೂಂ ಅನ್ನಬೇಡಿ. ನಾನು ಹೂಂ ಅಂದಿದ್ದೆ. ಎರಡು ಸಲ ಗೇರ್ ಬಾಕ್ಸ್ ಇಳಿಸಿ ಹತ್ತಿಸಿದ್ದಾಯಿತು, ಲೀಕ್ ಮಾತ್ರ ನಿಲ್ಲಲಿಲ್ಲ.

ಮೊದಲ ಸಲ ಹೊಸ ಸೀಲ್, ಅಂದರೆ ಕ್ರ್ಯಾಂಕ್ ಶಾಫ್ಟಿನ ಸುತ್ತ ಆಯಿಲ್ ತಡೆಯುವ ಬಳೆ, ಹಾಕಿದರು. ಒಂದು ವಾರ ನೆಲ ಒಣಗಿತ್ತು, ಆಮೇಲೆ ಮತ್ತೆ ಶುರುವಾಯಿತು. ಸೀಲ್ ಸರಿಯಾಗಿ ಕೂತಿಲ್ಲವೇನೋ ಅಂತ ಮತ್ತೆ ಇಳಿಸಿದರು. ಮೂರನೇ ಸಲ ಬೇರೆ ಮೆಕ್ಯಾನಿಕ್ ಹತ್ತಿರ ಹೋದೆ. ಅವರು ಎಂಜಿನ್ ಅಡಿಯಲ್ಲಿ ಆಯಿಲ್ ನಿಲ್ಲುವ ತೊಟ್ಟಿಯ, ಅಂದರೆ ಆಯಿಲ್ ಚೇಂಬರಿನ ಪ್ಯಾಕಿಂಗ್ ಬದಲಿಸಿ, ಅದರ ಎರಡೂ ಕಡೆ ಸಿಲಿಕಾನ್ ಪೇಸ್ಟನ್ನು ಧಾರಾಳವಾಗಿ ಬಳಿದರು. ಗಟ್ಟಿಯಾಗಿ ಹಿಡಿಯಲಿ ಅಂತ ನಾನೂ ಸುಮ್ನಿದ್ದೆ.

ಅಲ್ಲಿಂದ ಸ್ವಲ್ಪ ದಿನಕ್ಕೆ, ಓಡಿಸುತ್ತಿದ್ದಾಗಲೇ ಆಯಿಲ್ ಪ್ರೆಷರ್ ದೀಪ ಹತ್ತಿತು. ಆಗಲೇ ಪಕ್ಕಕ್ಕೆ ನಿಲ್ಲಿಸಿ ಎಂಜಿನ್ ಬಂದ್ ಮಾಡಿದ್ದರಿಂದ ಬೇರಿಂಗ್ ಉಳಿಯಿತು. ಡಿಪ್‌ಸ್ಟಿಕ್ ಎಳೆದರೆ ಆಯಿಲ್ ಸರಿಯಾಗಿಯೇ ಇತ್ತು. ಲಾರಿ ಎಳೆಸಿಕೊಂಡು ಹೋಗಿ ಚೇಂಬರ್ ಬಿಚ್ಚಿಸಿದೆ. ಆಯಿಲ್ ಹೀರುವ ಪೈಪಿನ ಬಾಯಿಗೆ ಇರುವ ಜಾಲರಿ ಇದೆಯಲ್ಲ, ಅದರ ತುಂಬಾ ಸಿಲಿಕಾನ್ ಎಳೆಗಳು ಅಂಟಿಕೊಂಡಿದ್ದವು. ಶಾವಿಗೆ ಥರ ಉದ್ದುದ್ದ. ಹೊರಗೆ ಕಾಣುವ ಪೇಸ್ಟ್ ಎಷ್ಟಿರುತ್ತದೋ, ಬಿಗಿ ಮಾಡಿದಾಗ ಒಳಕ್ಕೂ ಅಷ್ಟೇ ಹಿಂಡಿಕೊಂಡು ಹೋಗಿರುತ್ತದೆ. ಅದೇ ಕಿತ್ತು ಬಂದು ಜಾಲರಿಗೆ ಅಡ್ಡ ಕೂತಿತ್ತು.

ಚೇಂಬರ್ ಬಿಚ್ಚಿದ ಹಿರಿಯ ಮೆಕ್ಯಾನಿಕ್ ಜಾಲರಿಯನ್ನು ಶುದ್ಧ ಮಾಡಿ ಕೂರಿಸಿದ ಮೇಲೆ ಕೇಳಿದರು, "ಬ್ರೀದರ್ ಯಾವಾಗ ನೋಡಿಸಿದ್ರಿ?" ಬ್ರೀದರ್ ಅಂದರೆ ಎಂಜಿನ್ ಒಳಗಿನ ಗ್ಯಾಸ್ ಹೊರಗೆ ಬಿಡುವ ಪೈಪ್. ಅಷ್ಟು ದಿನದಲ್ಲಿ ಯಾರೂ ಅದರ ಬಗ್ಗೆ ಕೇಳಿರಲಿಲ್ಲ. ಎಂಜಿನ್ ಐಡ್ಲಿಂಗಿನಲ್ಲಿಟ್ಟು ಆಯಿಲ್ ಹಾಕುವ ಮುಚ್ಚಳ ಸಡಿಲಿಸಿದರು, ಹೊಗೆ ಬುಸಬುಸ ಅಂತ ನುಗ್ಗಿತು. ಬ್ರೀದರ್ ಪೈಪ್ ಕಳಚಿ ನೋಡಿದರೆ ಒಳಗೆ ಕಪ್ಪು ಮಡ್ಡಿ ಗಟ್ಟಿಯಾಗಿ ಕೂತಿತ್ತು. ಊದಿದರೂ ಗಾಳಿ ಹೋಗುತ್ತಿರಲಿಲ್ಲ.

ಪಿಸ್ಟನ್ ರಿಂಗ್ ದಾಟಿ ಸ್ವಲ್ಪ ಗ್ಯಾಸ್ ಕೆಳಗೆ ಇಳಿಯುವುದು ಎಲ್ಲಾ ಎಂಜಿನ್‌ನಲ್ಲೂ ಇದ್ದದ್ದೇ. ಹಳೇ ಎಂಜಿನ್‌ನಲ್ಲಿ ಇನ್ನೂ ಜಾಸ್ತಿ. ಅದು ಹೊರಗೆ ಹೋಗುವ ದಾರಿಯೇ ಬ್ರೀದರ್. ದಾರಿ ಕಟ್ಟಿದರೆ ಒಳಗೆ ಒತ್ತಡ ಏರಿ, ಎಲ್ಲಿ ಸಡಿಲ ಇದೆಯೋ ಅಲ್ಲಿಂದ ಆಯಿಲನ್ನು ದಬ್ಬುತ್ತದೆ. ಹೊಸ ಸೀಲ್ ಆದರೂ ಎಷ್ಟು ತಡೆಯುತ್ತದೆ ಹೇಳಿ?

ನನ್ನ ಗಾಡಿಯಲ್ಲಿ ಆಯಿಲ್ ಹೊರಡುತ್ತಿದ್ದದ್ದು ಮೇಲೆ, ಎಂಜಿನ್ ತಲೆ ಮುಚ್ಚುವ ಟ್ಯಾಪೆಟ್ ಕವರಿನ ಹಿಂದಿನ ಮೂಲೆಯಿಂದ. ಬ್ಲಾಕಿನ ಬೆನ್ನಿಗೆ ಇಳಿದು, ಗೇರ್ ಬಾಕ್ಸ್ ಸೇರುವ ಜಾಗದಲ್ಲಿ ತೊಟ್ಟಿಕ್ಕುತ್ತಿತ್ತು. ಕೆಳಗಿನಿಂದ ನೋಡಿದವರಿಗೆ ಸೀಲ್ ಹೋದ ಹಾಗೇ ಕಾಣುತ್ತದೆ. ಬ್ರೀದರ್ ತೊಳೆದು, ಟ್ಯಾಪೆಟ್ ಕವರ್ ಪ್ಯಾಕಿಂಗ್ ಬದಲಿಸಿದ ಮೇಲೆ ಲೀಕ್ ನಿಂತಿತು.

ಅದಕ್ಕೇ ಹೇಳುತ್ತಿರುವುದು, ಯಾವ ಬೋಲ್ಟಿಗೂ ಸ್ಪ್ಯಾನರ್ ಹಾಕುವ ಮುಂಚೆ ಎಂಜಿನ್ ಪೂರ್ತಿ ತೊಳೆಸಿ, ಒಣಗಿಸಿ. ಅನುಮಾನ ಇರುವ ಕಡೆ ಟಾಲ್ಕಂ ಪೌಡರ್ ಉದುರಿಸಿ, ಸ್ವಲ್ಪ ಹೊತ್ತು ಓಡಿಸಿ. ಪೌಡರ್ ಮೇಲೆ ಒದ್ದೆ ಗೆರೆ ಮೂಡುತ್ತದೆ. ಆ ಗೆರೆ ಹಿಡಿದು ಮೇಲಕ್ಕೆ ಹೋಗಿ, ಎಲ್ಲಿ ಶುರುವಾಗಿದೆಯೋ ಅದೇ ಜಾಗ. ಟರ್ಬೋ ಇದ್ದರೆ ಅದರ ಆಯಿಲ್ ವಾಪಸ್ ಬರುವ ಪೈಪನ್ನೂ, ಆಯಿಲ್ ಪ್ರೆಷರ್ ಸ್ವಿಚ್ಚನ್ನೂ ನೋಡಿ. ಬ್ರೀದರ್ ಶುದ್ಧ ಇದ್ದೂ ಹೊಗೆ ಜೋರಾಗಿ ನುಗ್ಗುತ್ತಿದ್ದರೆ ರಿಂಗ್ ಸವೆದಿರಬಹುದು, ಆಗ ಸೀಲ್ ಮೇಲೆ ಸೀಲ್ ಬದಲಿಸಿ ಪ್ರಯೋಜನ ಇಲ್ಲ. ಸಿಲಿಕಾನ್ ಹಾಕಲೇಬೇಕಾದ ಕಡೆ ತೆಳುವಾಗಿ ಒಂದೇ ಗೆರೆ ಎಳೆಯಲು ಹೇಳಿ, ಮುಗಿಯುವ ತನಕ ಪಕ್ಕದಲ್ಲೇ ನಿಂತಿರಿ.