ಎಪಿಸಿ, ಒಎನ್‌ಒಎಸ್, ರೆಪಾಸಿಟರಿ: ಸರ್ಕಾರಿ ದುಡ್ಡಿನ ಪೇಪರ್ ಯಾವುದರಿಂದ ಎಲ್ಲರ ಕೈಗೆ ಸಿಗುತ್ತದೆ?

ಕೇಂದ್ರ ಸರ್ಕಾರದ ಜೈವಿಕ ತಂತ್ರಜ್ಞಾನ ಇಲಾಖೆ (ಡಿಬಿಟಿ) ಅಥವಾ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ (ಡಿಎಸ್‌ಟಿ) ಗ್ರಾಂಟಿನಲ್ಲಿ ನಡೆದ ಸಂಶೋಧನೆಗೆ ಜನ ಒಮ್ಮೆ ತೆರಿಗೆ ಕಟ್ಟಿದ್ದಾರೆ. ಅದರ ಪೇಪರ್ ಓದಲು ಅವರು ಮತ್ತೆ ದುಡ್ಡು ಬಿಚ್ಚುವಂತಾಗಬಾರದು. ಇದಕ್ಕೆ ನಮ್ಮಲ್ಲಿ ಈಗ ಮೂರು ದಾರಿಗಳಿವೆ: ಪೇಪರನ್ನು ಎಲ್ಲರಿಗೂ ತೆರೆದಿಡಲು ಪ್ರಕಾಶಕರಿಗೆ ಎಪಿಸಿ ಎಂಬ ಶುಲ್ಕ ಕಟ್ಟುವುದು, ‘ಒಂದು ದೇಶ ಒಂದು ಚಂದಾ’ ಅಂದರೆ ಒಎನ್‌ಒಎಸ್ ಇದೆಯಲ್ಲ ಎಂದು ಸುಮ್ಮನಿರುವುದು, ಇಲ್ಲವೇ ಪತ್ರಿಕೆ ಒಪ್ಪಿದ ಪ್ರತಿಯನ್ನು ಸಂಸ್ಥೆಯ ರೆಪಾಸಿಟರಿಗೆ, ಅಂದರೆ ಯಾರು ಬೇಕಾದರೂ ಪುಕ್ಕಟೆ ಓದಬಹುದಾದ ಆನ್‌ಲೈನ್ ಸಂಗ್ರಹಕ್ಕೆ, ಹಾಕುವುದು. ಮೂರನ್ನೂ ಬಳಸಿ ನೋಡಿದ ಮೇಲೆ ನನ್ನ ಓಟು ರೆಪಾಸಿಟರಿಗೇ. ಅದರಲ್ಲೊಂದು ತಲೆನೋವೂ ಇದೆ, ಅದನ್ನು ಬಿಡಿಸಿಯೇ ಹೇಳಬೇಕು.

ಮೊದಲು ಎಪಿಸಿ. ಇದರಷ್ಟು ಸಲೀಸಾದದ್ದು ಇಲ್ಲ. ಬಿಲ್ ಪಾವತಿಯಾದರೆ ಪ್ರಕಟವಾದ ದಿನವೇ ಪೇಪರ್ ಎಲ್ಲರಿಗೂ ತೆರೆದಿರುತ್ತದೆ. ಆದರೆ ‘ನೇಚರ್’ ಪತ್ರಿಕೆ 2021ರಲ್ಲಿ ಇದಕ್ಕೆ ಇಟ್ಟ ದರ 9,500 ಯೂರೋ, ಆಗಿನ ಲೆಕ್ಕದಲ್ಲೇ ಎಂಟು ಲಕ್ಷ ರೂಪಾಯಿಗೆ ಮೇಲೆ. ಅಷ್ಟು ದೊಡ್ಡ ಹೆಸರಿಲ್ಲದ ಪತ್ರಿಕೆಗಳಿಗೂ ಲಕ್ಷದ ಮೇಲೆಯೇ ತೆರಬೇಕಾಗುವುದು ಸಾಮಾನ್ಯ. ಗ್ರಾಂಟಿನಲ್ಲಿ ಸಣ್ಣಪುಟ್ಟ ಖರ್ಚಿಗೆಂದು ಇಟ್ಟ ಕಂಟಿಂಜೆನ್ಸಿಯಲ್ಲಿ ಅಷ್ಟು ಹಣ ಉಳಿದಿರುವುದೇ ಅಪರೂಪ. ಉಳಿದಿದ್ದರೂ ಪೇಪರ್ ಒಪ್ಪಿಗೆಯಾಗುವ ಹೊತ್ತಿಗೆ ಯೋಜನೆಯೇ ಮುಗಿದು, ಲೆಕ್ಕ ಒಪ್ಪಿಸಿ ಆಗಿರುತ್ತದೆ. ಚಂದಾವನ್ನೂ ಪಡೆದು, ಎಪಿಸಿ ಕಟ್ಟಿದ ಪೇಪರನ್ನು ಮಾತ್ರ ತೆರೆದಿಡುವ ಹೈಬ್ರಿಡ್ ಪತ್ರಿಕೆಯಾದರೆ ಇನ್ನೂ ಅನ್ಯಾಯ, ಏಕೆಂದರೆ ಅದೇ ಪತ್ರಿಕೆಯ ಚಂದಾವನ್ನೂ ಸಾರ್ವಜನಿಕ ಹಣದಲ್ಲೇ ಕಟ್ಟಲಾಗಿರುತ್ತದೆ.

ಒಎನ್‌ಒಎಸ್ ಓದುಗರಿಗೆ ನಿಜಕ್ಕೂ ದೊಡ್ಡ ಉಪಕಾರ ಮಾಡಿದೆ. 2024ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಈ ಯೋಜನೆಗೆ 2025ರಿಂದ 2027ರವರೆಗಿನ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ ಇಟ್ಟಿದ್ದಾರೆ. 30 ಪ್ರಕಾಶಕರ ಸುಮಾರು 13,000 ಪತ್ರಿಕೆಗಳು 6,300ಕ್ಕೂ ಹೆಚ್ಚು ಸರ್ಕಾರಿ ಸಂಸ್ಥೆಗಳಿಗೆ ಸಿಗುವ ಲೆಕ್ಕ. ಚಂದಾ ಕಟ್ಟುವ ಶಕ್ತಿಯಿಲ್ಲದ ಜಿಲ್ಲಾ ಮಟ್ಟದ ಸರ್ಕಾರಿ ಕಾಲೇಜಿಗೆ ಇದು ಸಣ್ಣ ಮಾತಲ್ಲ. ಆದರೂ ಇದನ್ನು ಮುಕ್ತ ಪ್ರವೇಶ ಎನ್ನಲಾಗದು. ಖಾಸಗಿ ಕಾಲೇಜಿನ ಉಪನ್ಯಾಸಕಿ, ಊರಿನ ಕ್ಲಿನಿಕ್ ವೈದ್ಯರು, ಮಣ್ಣಿನ ಬಗ್ಗೆ ಓದಬೇಕೆನ್ನುವ ರೈತ, ಪತ್ರಕರ್ತ, ಇವರೆಲ್ಲ ಈಗಿನ ವ್ಯವಸ್ಥೆಯಲ್ಲಿ ಬಾಗಿಲ ಹೊರಗೇ. ಚಂದಾ ನವೀಕರಣವಾಗದಿದ್ದರೆ ಒಳಗಿದ್ದವರೂ ಹೊರಗೆ.

ಇನ್ನು ರೆಪಾಸಿಟರಿ. ಡಿಬಿಟಿ ಮತ್ತು ಡಿಎಸ್‌ಟಿ 2014ರ ಡಿಸೆಂಬರ್‌ನಲ್ಲಿ ಹೊರಡಿಸಿದ ನೀತಿ ಹೇಳುವುದು ಇದನ್ನೇ: ಪೇಪರ್ ಒಪ್ಪಿಗೆಯಾದ ಎರಡು ವಾರದೊಳಗೆ ಅಂತಿಮ ಹಸ್ತಪ್ರತಿಯನ್ನು ರೆಪಾಸಿಟರಿಗೆ ಸೇರಿಸಬೇಕು. ಲೇಖಕರಿಗೆ ನಯಾಪೈಸೆ ಖರ್ಚಿಲ್ಲ. ಬೆಂಗಳೂರಿನ ಐಐಎಸ್‌ಸಿಯ ರೆಪಾಸಿಟರಿ ಇಪ್ರಿಂಟ್ಸ್ 2002ರಿಂದ ನಡೆಯುತ್ತಿದೆ, ಅಂದರೆ ಈ ಕೆಲಸ ನಮಗೆ ಹೊಸದೂ ಅಲ್ಲ.

ತಲೆನೋವು ಫೈಲಿನದು. ರೆಪಾಸಿಟರಿಗೆ ಬೇಕಾದದ್ದು ಪೇಪರ್ ಪರಿಶೀಲಿಸುವ ತಜ್ಞರ, ಅಂದರೆ ರಿವ್ಯೂವರ್‌ಗಳ, ಆಕ್ಷೇಪಗಳಿಗೆ ತಕ್ಕಂತೆ ತಿದ್ದಿ, ಸಂಪಾದಕರು ಒಪ್ಪಿದ ಕೊನೆಯ ಪ್ರತಿ. ಪ್ರಕಾಶಕರು ಪುಟ ಕಟ್ಟಿ ಲೋಗೊ ಹಾಕಿದ ಪಿಡಿಎಫ್ ಅಲ್ಲ, ಏಕೆಂದರೆ ಚಂದಾ ಪತ್ರಿಕೆಗಳಲ್ಲಿ ಅದರ ಹಕ್ಕನ್ನು ಲೇಖಕರು ಸಾಮಾನ್ಯವಾಗಿ ಬರೆದುಕೊಟ್ಟಿರುತ್ತಾರೆ. ಲೈಬ್ರರಿಗೆ ಬರುವುದು ಮಾತ್ರ ಬಹುಪಾಲು ಆ ಪಿಡಿಎಫ್ಫೇ. ಲೈಬ್ರರಿಯನ್ ವಾಪಸ್ ಕಳಿಸಿದ ಮೇಲೆ ಹುಡುಕಾಟ ಶುರು. ಪೇಪರ್ ಕಳಿಸಿದ್ದ ವಿದ್ಯಾರ್ಥಿ ಪಿಎಚ್‌ಡಿ ಮುಗಿಸಿ ಹೋಗಿರುತ್ತಾರೆ, ಅವರ ಸಂಸ್ಥೆಯ ಇಮೇಲ್ ಮುಚ್ಚಿರುತ್ತದೆ. ಗೈಡ್ ಬಳಿ ಇರುವ ವರ್ಡ್ ಫೈಲುಗಳಲ್ಲಿ ಕೊನೆಯದು ಯಾವುದೆಂದು ಯಾರಿಗೂ ಖಾತ್ರಿಯಿಲ್ಲ.

ಇದಕ್ಕೆ ಮದ್ದು ಒಂದೇ, ಒಪ್ಪಿಗೆಯ ಮೇಲ್ ಬಂದ ದಿನವೇ ಕೆಲಸ ಮುಗಿಸುವುದು. ಸ್ಕಾಲರ್‌ವನ್ ಇರಲಿ, ಎಡಿಟೋರಿಯಲ್ ಮ್ಯಾನೇಜರ್ ಇರಲಿ, ಪೇಪರ್ ಸಲ್ಲಿಸಿದ ಆನ್‌ಲೈನ್ ವ್ಯವಸ್ಥೆಗೆ ಲಾಗಿನ್ ಆಗಿ ಕೊನೆಯ ಪರಿಷ್ಕರಣೆಯ ಮೂಲ ಫೈಲುಗಳನ್ನು ಇಳಿಸಿಕೊಳ್ಳಿ. ರಿವ್ಯೂವರ್‌ಗಳಿಗೆಂದು ಸಿಸ್ಟಮ್ ಕಟ್ಟಿದ ಪಿಡಿಎಫ್ ಬೇಡ, ಅದರಲ್ಲಿ ಸಾಲುಸಂಖ್ಯೆ ಇರುತ್ತದೆ, ಕೆಲವೆಡೆ ವಾಟರ್‌ಮಾರ್ಕ್ ಕೂಡ. ಟ್ರ್ಯಾಕ್ ಚೇಂಜಸ್ ಎಲ್ಲ ಒಪ್ಪಿ, ಬದಿಯ ಕಾಮೆಂಟ್ ಅಳಿಸಿ, ಬೇರೆ ಬೇರೆ ಇರುವ ಚಿತ್ರಗಳನ್ನು ಪಠ್ಯದೊಳಗೆ ಕೂರಿಸಿ. ಮೊದಲ ಪುಟದ ಮೇಲೆ ‘ಒಪ್ಪಿತ ಹಸ್ತಪ್ರತಿ’ ಎಂದು ಬರೆದು ಪತ್ರಿಕೆಯ ಹೆಸರು, ಗ್ರಾಂಟ್ ಸಂಖ್ಯೆ ಸೇರಿಸಿ. ಪೇಪರಿನ ಶಾಶ್ವತ ಆನ್‌ಲೈನ್ ಗುರುತಾದ ಡಿಒಐ ಬಂದ ಮೇಲೆ ಅದನ್ನೂ. ಹೀಗೆ ಸಿದ್ಧವಾದ ಪ್ರತಿಯನ್ನು ಪಿಡಿಎಫ್ ಮಾಡಿ ಸಹಲೇಖಕರೆಲ್ಲರಿಗೂ ಮೇಲ್ ಮಾಡಿ. ಮುಂದೆ ಪ್ರೂಫ್ ನೋಡುವಾಗ ಕೋಷ್ಟಕದ ಒಂದು ಅಂಕಿ ತಿದ್ದಿದರೆ ಅದೇ ತಿದ್ದುಪಡಿ ಈ ಪ್ರತಿಯಲ್ಲೂ ಆಗಬೇಕು. ಇದು ಮರೆತರೆ ತಪ್ಪು ಅಂಕಿ ಇರುವ ಪ್ರತಿಯೇ ಪುಕ್ಕಟೆ ಸಿಗುವ ಪ್ರತಿಯಾಗಿ ಓಡಾಡುತ್ತದೆ.

ಎಂಬಾರ್ಗೋ, ಅಂದರೆ ಪ್ರಕಟವಾದ ಮೇಲೆ ಪ್ರತಿಯನ್ನು ತೆರೆಯದೆ ಕಾಯಬೇಕೆಂದು ಪ್ರಕಾಶಕರು ಹಾಕುವ ಅವಧಿ, ಇದರಷ್ಟು ಕಷ್ಟದ್ದಲ್ಲ. ಸ್ಪ್ರಿಂಗರ್‌ನ ಚಂದಾ ಪತ್ರಿಕೆಗಳಿಗೆ ಸಾಮಾನ್ಯವಾಗಿ 12 ತಿಂಗಳು, ಎಲ್ಸೆವಿಯರ್‌ನಲ್ಲಿ ಪತ್ರಿಕೆಗೊಂದು ಅವಧಿ. ಮೊದಲು ಶೆರ್ಪಾ ರೋಮಿಯೋ ಎನ್ನುತ್ತಿದ್ದ ಜಿಸ್ಕ್‌ನ ಓಪನ್ ಪಾಲಿಸಿ ಫೈಂಡರ್‌ನಲ್ಲಿ ಪತ್ರಿಕೆಯ ಹೆಸರು ಹಾಕಿದರೆ ಗೊತ್ತಾಗುತ್ತದೆ. ಅವಧಿ ಮುಗಿಯಲೆಂದು ಕಾಯದೆ ಫೈಲನ್ನು ಈಗಲೇ ಏರಿಸಿ ತೆರೆಯುವ ದಿನಾಂಕ ನಮೂದಿಸಿ. ರೆಪಾಸಿಟರಿ ನಡೆಸುವ ತಂತ್ರಾಂಶಗಳಾದ ಇಪ್ರಿಂಟ್ಸ್, ಡಿಸ್ಪೇಸ್ ಎರಡರಲ್ಲೂ ಇದಕ್ಕೆ ವ್ಯವಸ್ಥೆಯಿದೆ.

ಆರ್ಕೈವ್‌ನಂಥ ಪ್ರಿಪ್ರಿಂಟ್ ತಾಣ, ಅಂದರೆ ಪತ್ರಿಕೆಯ ಪರಿಶೀಲನೆಗೆ ಕಾಯದೆ ಪೇಪರ್ ಹಾಕುವ ತಾಣ, ಭೌತವಿಜ್ಞಾನ, ಗಣಿತದವರಿಗೆ ಸಾಕಷ್ಟಾಯಿತು. ಭಾರತೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಗಳನ್ನು ಅದರ ತಾಣದಲ್ಲೇ ಪುಕ್ಕಟೆ ಓದಬಹುದು, ವಿಷಯ ಹೊಂದಿದರೆ ಮೊದಲು ಅಲ್ಲಿಗೇ ಕಳಿಸಿ.

ನಮ್ಮ ನೀತಿಯ ಕೊರತೆ ಜಾರಿಯಲ್ಲಿದೆ. ವೈದ್ಯಕೀಯ ಸಂಶೋಧನೆಗೆ ಹಣ ಕೊಡುವ ಅಮೆರಿಕದ ಸರ್ಕಾರಿ ಸಂಸ್ಥೆ ಎನ್‌ಐಎಚ್ ತನ್ನ ಹಣದಿಂದ ಬಂದ ಪೇಪರ್ ಪಬ್‌ಮೆಡ್ ಸೆಂಟ್ರಲ್ ಎಂಬ ಮುಕ್ತ ಸಂಗ್ರಹಕ್ಕೆ ಸೇರದಿದ್ದರೆ 2013ರಿಂದಲೇ ಮುಂದಿನ ಕಂತು ತಡೆಹಿಡಿಯುತ್ತಿದೆ. 2025ರ ಜುಲೈ 1ರಂದು ಅಥವಾ ನಂತರ ಒಪ್ಪಿಗೆಯಾದ ಪೇಪರ್‌ಗಳಿಗೆ ಎಂಬಾರ್ಗೋವನ್ನೂ ತೆಗೆದುಹಾಕಿದೆ. ಇಲ್ಲಿಯೂ ಯೋಜನೆಯ ಮುಕ್ತಾಯ ವರದಿಯಲ್ಲಿ ಪ್ರತಿ ಪೇಪರಿನ ಮುಂದೆ ರೆಪಾಸಿಟರಿ ಕೊಂಡಿ ಕಡ್ಡಾಯವಾಗಲಿ, ಅದಿಲ್ಲದೆ ಕೊನೆಯ ಕಂತು ಬಿಡುಗಡೆಯಾಗದಿರಲಿ.

ನನ್ನ ಮಟ್ಟಿಗೆ, ಓದುವುದಕ್ಕೆ ಒಎನ್‌ಒಎಸ್, ಬರೆದದ್ದನ್ನು ಹಂಚುವುದಕ್ಕೆ ರೆಪಾಸಿಟರಿ. ಕಂಟಿಂಜೆನ್ಸಿ ಹಣ ರಾಸಾಯನಿಕಕ್ಕೂ ಕ್ಷೇತ್ರಕಾರ್ಯಕ್ಕೂ ಹೋಗಬೇಕು. ಸಹಲೇಖಕರ ಫಂಡರ್ ಅಂದೇ ತೆರೆಯಬೇಕೆಂದು ಪಟ್ಟುಹಿಡಿದು, ಹಣವನ್ನೂ ತಾನೇ ಕೊಟ್ಟರೆ ಮಾತ್ರ ಎಪಿಸಿ. ಆಗಲೂ ಒಪ್ಪಿತ ಪ್ರತಿ ರೆಪಾಸಿಟರಿಗೆ ಹೋಗಲೇಬೇಕು.