ಎ ಡ್ಯಾನ್ಸ್ ಆಫ್ ಫೈರ್ ಅಂಡ್ ಐಸ್: ಒಂದೇ ಬಟನ್, ಮೈಯೆಲ್ಲ ಕಿವಿ

ತಾಳದ ಹುಚ್ಚು ಇದ್ದವರು ಈ ಕಂಪ್ಯೂಟರ್ ಆಟವನ್ನು ಬಿಡಬೇಡಿ. ಸುಮ್ನೆ ಹೊತ್ತು ಕಳೆಯಲು ಏನಾದರೂ ಬೇಕು ಅನ್ನುವವರಿಗೆ ಇದು ಹೇಳಿ ಮಾಡಿಸಿದ್ದಲ್ಲ. ಅಷ್ಟು ಕಷ್ಟ ಇದೆ.

ಮಾಡಿದವರು ಸೆವೆಂತ್ ಬೀಟ್ ಗೇಮ್ಸ್ ಅನ್ನುವ ಸಣ್ಣ ತಂಡ. ಪೂರ್ತಿ ಆಟ 2019ರಲ್ಲಿ ಕಂಪ್ಯೂಟರ್ ಆಟ ಮಾರುವ ಸ್ಟೀಮ್ ಅನ್ನುವ ಆನ್‌ಲೈನ್ ಅಂಗಡಿಗೆ ಬಂತು, ಮೊಬೈಲಿಗೂ ಇದೆ, ಎರಡಕ್ಕೂ ದುಡ್ಡು ಕೊಡಬೇಕು. ನಾನು ಇಲ್ಲಿ ಹೇಳುತ್ತಿರುವುದು ಇಚ್ ಡಾಟ್ ಐಒ (itch.io) ಅನ್ನುವ ಆಟಗಳ ಜಾಲತಾಣದಲ್ಲಿ ಬ್ರೌಸರ್‌ನಲ್ಲೇ ಪುಕ್ಕಟೆ ಆಡಲು ಸಿಗುವ ಆವೃತ್ತಿಯ ಬಗ್ಗೆ. ಶಿರಸಿಯಿಂದ ಒಳಗಿನ ನಮ್ಮೂರಲ್ಲಿ ಮಳೆಗಾಲದ ನೆಟ್ಟು ಹೇಗಿರುತ್ತದೆ ಅಂತ ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಆದರೂ ಆಡಲು ತೊಂದರೆ ಆಗಲಿಲ್ಲ. ಒಮ್ಮೆ ಲೋಡ್ ಆಗುವವರೆಗೆ ಕಾಯಬೇಕು, ಆಮೇಲೆ ಎಲ್ಲಾ ನಮ್ಮ ಕಂಪ್ಯೂಟರಿನಲ್ಲೇ ನಡೆಯುತ್ತದೆ.

ಆಟ ಇಷ್ಟೇ. ಒಂದು ಕೆಂಪು ಗುಂಡು, ಒಂದು ನೀಲಿ ಗುಂಡು. ಒಂದು ನಿಂತಿರುತ್ತದೆ, ಇನ್ನೊಂದು ಅದರ ಸುತ್ತ ಒಂದೇ ವೇಗದಲ್ಲಿ ತಿರುಗುತ್ತದೆ. ಮುಂದೆ ಚೌಕಗಳ ದಾರಿ. ತಿರುಗುವ ಗುಂಡು ಮುಂದಿನ ಚೌಕದ ಮೇಲೆ ಬಂದಾಗ ಯಾವುದಾದರೂ ಒಂದು ಕೀ ಒತ್ತಬೇಕು. ಆಗ ಅದು ಅಲ್ಲಿ ನಿಲ್ಲುತ್ತದೆ, ನಿಂತಿದ್ದು ತಿರುಗಲು ಶುರು ಮಾಡುತ್ತದೆ. ತಪ್ಪಿದರೆ ಮುಗೀತು, ಎಷ್ಟು ಶೇಕಡಾ ದಾಟಿದ್ದೀರಿ ಅಂತ ತೋರಿಸಿ ಮತ್ತೆ ಮೊದಲಿಂದ.

ಇದರಲ್ಲಿ ನನಗೆ ತುಂಬಾ ಇಷ್ಟ ಆಗಿದ್ದು ಏನಂದರೆ ದಾರಿಯ ಆಕಾರವೇ ತಾಳ. ನೇರ ದಾರಿ ಇದ್ದರೆ ಗುಂಡು ಅರ್ಧ ಸುತ್ತು ಬರಬೇಕು, ಅದು ಒಂದು ಪೆಟ್ಟು. ದಾರಿ ಚೌಕದ ಮೂಲೆಯ ಹಾಗೆ ತಿರುಗಿದರೆ ಕಾಲು ಸುತ್ತು ಸಾಕು, ಅದು ಅರ್ಧ ಪೆಟ್ಟು. ಅದೇ ಮೂಲೆಯನ್ನು ಗುಂಡು ಹೊರಗಿನಿಂದ ಬಳಸಿ ಬರುವ ಹಾಗಿದ್ದರೆ ಮುಕ್ಕಾಲು ಸುತ್ತು, ಅಂದರೆ ಒಂದೂವರೆ ಪೆಟ್ಟು. ಮೂಲೆ ಒಂದೇ, ಲೆಕ್ಕ ಬೇರೆ. ದಾರಿ ತ್ರಿಕೋನದ ಹಾಗೆ ಸುತ್ತಿಕೊಂಡರೆ ಪ್ರತಿ ಮೂಲೆಗೂ 60 ಡಿಗ್ರಿ, ಒಂದು ಪೆಟ್ಟಿನಲ್ಲಿ ಮೂರು ಒತ್ತು. ನಮ್ಮ ಕಡೆಯವರಿಗೆ ಇನ್ನೂ ಬೇಗ ಅರ್ಥ ಆಗಬೇಕು ಅಂದರೆ ದಾರಿ ಚೌಕದ ಆಕಾರದಲ್ಲಿ ಸುತ್ತಿದರೆ ತಕಧಿಮಿಯ ನಡೆ, ತ್ರಿಕೋನ ಬಂದರೆ ತಕಿಟ. ಷಟ್ಕೋನ ಬಂದರೆ ಎರಡು ಪೆಟ್ಟಿನ ಜಾಗದಲ್ಲಿ ಮೂರು ಸಮನಾಗಿ ಕೂರಿಸಬೇಕು. ಹೆಚ್ಚಿನವರು ಎಡವುವುದು ಇಂಥ ಕಡೆಯೇ, ಯಾಕೆಂದರೆ ಕೈ ತಾನಾಗಿ ಎರಡಕ್ಕೋ ನಾಲ್ಕಕ್ಕೋ ಎಳೆಯುತ್ತದೆ. ಇದರ ಮೇಲೆ ಮೊಲದ ಚಿತ್ರ ಇರುವ ಚೌಕ ಬಂದರೆ ವೇಗ ಜಾಸ್ತಿ, ಬಸವನಹುಳು ಬಂದರೆ ಕಡಿಮೆ.

ಕಣ್ಣಲ್ಲಿ ನೋಡಿ ಒತ್ತುತ್ತೇನೆ ಅಂದರೆ ಇಲ್ಲಿ ಆಗುವುದೇ ಇಲ್ಲ. ಅದಕ್ಕೆ ಕಾರಣವೂ ಇದೆ. ಏನಾದರೂ ಕಂಡ ಮೇಲೆ ಬೆರಳು ಆಡಲು ಮನುಷ್ಯನಿಗೆ ಸುಮಾರು 200ರಿಂದ 250 ಮಿಲಿಸೆಕೆಂಡ್ ಬೇಕು. ನಿಮಿಷಕ್ಕೆ 150 ಪೆಟ್ಟಿನ ಹಾಡಲ್ಲಿ ಒಂದು ಪೆಟ್ಟು ಅಂದರೆ 400 ಮಿಲಿಸೆಕೆಂಡ್, ಅದರ ಅರ್ಧ 200, ಮೂರನೇ ಒಂದು ಭಾಗ 133. ಕಂಡ ಮೇಲೆ ಒತ್ತಿದರೆ ಅಷ್ಟೊತ್ತಿಗೆ ಮುಂದಿನದೂ ದಾಟಿ ಹೋಗಿರುತ್ತದೆ. ಹಾಗಾಗಿ ತಾಳ ಮೊದಲೇ ಒಳಗೆ ಓಡುತ್ತಿರಬೇಕು. ಕಣ್ಣಿನ ಕೆಲಸ ಮುಂದೆ ಯಾವ ಆಕಾರ ಬರುತ್ತಿದೆ ಅಂತ ಓದುವುದು ಮಾತ್ರ.

ಇದನ್ನು ನನ್ನ ತಂಗಿಯ ಗಂಡ ಆಡುವಾಗ ಚೆನ್ನಾಗಿ ಕಂಡೆ. ಅವನು ಯಕ್ಷಗಾನಕ್ಕೆ ಮದ್ದಳೆ ಬಾರಿಸುವವನು. ಮಳೆಗಾಲದಲ್ಲಿ ಬಯಲಾಟ ಇರುವುದಿಲ್ಲ, ಅಲ್ಲೊಂದು ಇಲ್ಲೊಂದು ತಾಳಮದ್ದಳೆ ಬಿಟ್ಟರೆ ಬಿಡುವು, ಹಾಗಾಗಿ ಮನೆಗೆ ಬಂದಿದ್ದ. ಕಂಪ್ಯೂಟರ್ ಆಟ ಆಡಿದವನೇ ಅಲ್ಲ. ಮೊದಲು ಒಂದು ಸಲ ಕೀ ಮುಟ್ಟದೆ ಸುಮ್ನೆ ಹಾಡು ಕೇಳಿದ. ಆಮೇಲೆ ಎಡಗೈಯಲ್ಲಿ ತೊಡೆಯ ಮೇಲೆ ನೇರ ಪೆಟ್ಟು ಹಾಕುತ್ತಾ, ಬಲಗೈಯಲ್ಲಿ ಒತ್ತುತ್ತಾ, ಬಾಯಲ್ಲಿ ಸಣ್ಣಕೆ ತಕಿಟ ತಕಿಟ ಅನ್ನುತ್ತಾ ತ್ರಿಕೋನದ ಜಾಗ ದಾಟಿಯೇಬಿಟ್ಟ. "ಭಾವ, ಗುಂಡು ನೋಡಡ (ನೋಡಬೇಡ), ಪೆಟ್ಟು ಕೇಳು" ಅಂದ. ಈ ಆಟದ ಬಗ್ಗೆ ನಾನು ಕೇಳಿದ ಅತ್ಯುತ್ತಮ ಸಲಹೆ ಅದೇ. ಈಗ ನಾನೂ ಹಾಗೇ ಆಡುವುದು. ಕಷ್ಟದ ಜಾಗ ಇದ್ದರೆ ಮೊದಲು ಬಾಯಲ್ಲಿ ಹೇಳಿ ಕೂರಿಸಿಕೊಳ್ಳುತ್ತೇನೆ. ಬಾಯಿಗೆ ಬಂದಿದ್ದು ಬೆರಳಿಗೆ ಬರಲು ಹೊತ್ತು ಬೇಕಾಗುವುದಿಲ್ಲ.

ಆಟದ ಒಂದೊಂದು ಹಂತಕ್ಕೆ ಇಲ್ಲಿ ಲೋಕ ಅಂತ ಹೆಸರು. ಪ್ರತಿ ಲೋಕದಲ್ಲೂ ಮೊದಲು ಸಣ್ಣ ಸಣ್ಣ ಪಾಠಗಳಿವೆ, ಒಂದೊಂದರಲ್ಲಿ ಒಂದೊಂದು ಹೊಸ ಆಕಾರ. ಕೊನೆಗೆ ಎಲ್ಲಾ ಸೇರಿಸಿದ ಒಂದು ಪೂರ್ತಿ ಹಾಡು. ಪಾಠಗಳನ್ನು ಹೇಗೋ ದಾಟಿ ಓಡಬೇಡಿ, ಒಂದೂ ಅಳುಕದೆ ಬರುವವರೆಗೆ ಅಲ್ಲೇ ಕೂತು ಆಡಿ. ವೇಗದ ಜಾಗದಲ್ಲಿ ಒಂದೇ ಬೆರಳು ಸೋಲುತ್ತದೆ. ಯಾವ ಕೀ ಒತ್ತಿದರೂ ನಡೆಯುವುದರಿಂದ ಎರಡು ಕೀ ಇಟ್ಟುಕೊಂಡು ಎರಡು ಬೆರಳಲ್ಲಿ ಒಂದಾದ ಮೇಲೊಂದು ಒತ್ತಿ. ಚೆನ್ನಾಗಿ ಆಡುವವರೆಲ್ಲಾ ಮಾಡುವುದು ಹೀಗೇ.

ಇನ್ನೊಂದು ಮುಖ್ಯ ವಿಷಯ, ಬ್ಲೂಟೂತ್ ಇಯರ್‌ಫೋನ್ ತೆಗೆದಿಡಿ. ಬ್ಲೂಟೂತಿನಲ್ಲಿ ಶಬ್ದ 100ರಿಂದ 200 ಮಿಲಿಸೆಕೆಂಡ್ ತಡವಾಗಿ ಬರುವುದು ಮಾಮೂಲು. ಮೇಲೆ ಹೇಳಿದ ಲೆಕ್ಕ ನೋಡಿದರೆ ಅದು ಅರ್ಧ ಪೆಟ್ಟೇ ಆಯಿತು, ಅಲ್ವಾ? ಪೇಟೆಯಲ್ಲಿ ಯಾವ ಮೊಬೈಲ್ ಅಂಗಡಿಯಲ್ಲಾದರೂ ಸಿಗುವ ಸಾದಾ ವೈರಿನ ಇಯರ್‌ಫೋನ್ ಸಾಕು. ತಗಡಿನ ಮಾಡಿನ ಮೇಲೆ ಮಳೆ ಹೊಡೆಯುವಾಗ ಲ್ಯಾಪ್‌ಟಾಪಿನ ಸ್ಪೀಕರ್ ಹೇಗೂ ಕೇಳುವುದಿಲ್ಲ. ಆಟದೊಳಗೆ ಕ್ಯಾಲಿಬ್ರೇಶನ್ ಅಂತ ಇದೆ, ಶಬ್ದಕ್ಕೂ ನಿಮ್ಮ ಒತ್ತಿಗೂ ಇರುವ ಅಂತರ ಅಳೆದು ಸರಿಮಾಡಿಕೊಳ್ಳುತ್ತದೆ. ಇಯರ್‌ಫೋನ್ ಬದಲಿಸಿದಾಗೆಲ್ಲಾ ಅದನ್ನು ಮತ್ತೆ ಮಾಡಿ. ಎಲ್ಲಾ ಸಲವೂ 'ಅರ್ಲಿ' ಅಂತಲೇ ಅಥವಾ ಎಲ್ಲಾ ಸಲವೂ 'ಲೇಟ್' ಅಂತಲೇ ಬರುತ್ತಿದ್ದರೆ ತಪ್ಪು ನಿಮ್ಮ ಕೈಯದಲ್ಲ, ಈ ಹೊಂದಿಕೆಯದು. ಕರೆಂಟು ಹೋಗಿ ಬ್ಯಾಟರಿ ಮೇಲೆ ಆಡುವಾಗ ಪವರ್ ಸೇವರ್ ಆಫ್ ಮಾಡಿ, ಬೇರೆ ಟ್ಯಾಬ್ ಎಲ್ಲಾ ಮುಚ್ಚಿ. ಚಿತ್ರ ತಡವರಿಸಿದರೆ ಆಡುವುದೇ ಬೇಡ ಅನ್ನಿಸಿಬಿಡುತ್ತದೆ.

ಕೊರತೆ ಇಲ್ಲ ಅಂತಲ್ಲ. ಪಾಠಗಳಿಂದ ಪೂರ್ತಿ ಹಾಡಿಗೆ ಹೋಗುವಾಗ ಏರು ತುಂಬಾ ಕಡಿದು. ನಡುವೆ ನಿಂತು ಉಸಿರು ಬಿಡಲು ಒಂದು ಜಾಗ ಇಲ್ಲ. ಹಾಡಿನ ಕೊನೆಯ ತಿರುವಲ್ಲಿ ತಪ್ಪಿದರೂ ಆರಂಭದ ಸುಲಭದ ಭಾಗವನ್ನು ಪೂರ್ತಿ ಮತ್ತೆ ಆಡಬೇಕು. ಕಷ್ಟದ ತುಂಡನ್ನು ಮಾತ್ರ ಬೇರೆಯಾಗಿ ನಿಧಾನಕ್ಕೆ ತಿದ್ದಿಕೊಳ್ಳಲು ಬ್ರೌಸರಿನಲ್ಲೇ ದಾರಿ ಇದ್ದಿದ್ದರೆ ಕಲಿಯುವವರಿಗೆ ಎಷ್ಟೋ ಉಪಕಾರ ಆಗುತ್ತಿತ್ತು. ಮದ್ದಳೆ ಕಲಿಸುವವರು ಯಾರೂ ಪ್ರತಿ ಸಲ ಮೊದಲಿಂದಲೇ ಬಾರಿಸು ಅನ್ನುವುದಿಲ್ಲ. ಬಣ್ಣ, ಬೆಳಕು ಕೆಲವು ಕಡೆ ಕಣ್ಣಿಗೆ ಜೋರಾಗಿ ಬಡಿಯುತ್ತದೆ, ರಾತ್ರಿ ಲೈಟ್ ಹಾಕಿಕೊಂಡೇ ಆಡಿ.

ಆದರೆ ತಪ್ಪಿದಾಗ ಯಾಕೆ ತಪ್ಪಿತು ಅಂತ ಪ್ರತಿ ಸಲವೂ ಗೊತ್ತಾಗುತ್ತದೆ. ಕಷ್ಟದ ಆಟಗಳಲ್ಲಿ ಇಷ್ಟು ನ್ಯಾಯ ಸಿಗುವುದು ಅಪರೂಪ. ಅದೃಷ್ಟ ಇಲ್ಲ, ದುಡ್ಡು ಹಾಕಿ ಬಲ ಹೆಚ್ಚಿಸಿಕೊಳ್ಳುವುದು ಇಲ್ಲ. ದಾಟಿದಿರಿ ಅಂದರೆ ಅಷ್ಟು ತಾಳ ನಿಮಗೆ ಬಂತು ಅಂತಲೇ ಅರ್ಥ. ನಮ್ಮ ಮನೆಯ ಮಕ್ಕಳು ಈಗ ಊಟದ ತಟ್ಟೆಯ ಮೇಲೂ ಎರಡಕ್ಕೆ ಮೂರು ಕುಟ್ಟುತ್ತಾರೆ, ಬೈಯಲು ಮನಸ್ಸು ಬರುವುದಿಲ್ಲ.

ಮೊದಲು ಬ್ರೌಸರಿನಲ್ಲಿ ಆಡಿ ನೋಡಿ. ಮೊದಲ ಲೋಕದ ಪೂರ್ತಿ ಹಾಡು ದಾಟಿದ ಮೇಲೂ ಇನ್ನೂ ಬೇಕು ಅನ್ನಿಸಿದರೆ ಆಮೇಲೆ ಪೂರ್ತಿ ಆಟ ತಗೊಳ್ಳಿ. ನಾನು ತಗೊಂಡಿದ್ದೇನೆ, ಕೊಟ್ಟ ದುಡ್ಡಿಗೆ ಖಂಡಿತ ಮೋಸ ಇಲ್ಲ.