ಮೇರಿ ಆಸ್ಟರ್ ಸುಳ್ಳು ಹೇಳೋದನ್ನ ನೋಡೋಕೆ ಅಂತಾನೇ ಈ ಡಿವಿಡಿ ಸೆಟ್ ತಗೊಳ್ಳಿ

ದ ಮಾಲ್ಟೀಸ್ ಫಾಲ್ಕನ್ ಸಿನಿಮಾದ ಮೂರು ಡಿಸ್ಕಿನ ಡಿವಿಡಿ ಸೆಟ್ ಬಗ್ಗೆ ಬರೀತಾ ಇದೀನಿ. ವಾರ್ನರ್ ಕಂಪನಿ 2006ರಲ್ಲಿ ತಂದಿದ್ದು ಇದು, ಹಳೇದಾಯ್ತು, ಈಗ ಹೆಚ್ಚಾಗಿ ಸೆಕೆಂಡ್ ಹ್ಯಾಂಡೇ ಸಿಗೋದು, ನಂಗೆ ನಮ್ಮ ಚಿಕ್ಕಪ್ಪನ ಮಗ ಅಮೆರಿಕದಿಂದ ಶಿರಸಿಗೆ ಬರುವಾಗ ತಂದುಕೊಟ್ಟ. ಬ್ಲೂರೇನೂ ಬಂದಿದೆ, ಪಿಕ್ಚರ್ ಅದರಲ್ಲಿ ಇನ್ನೂ ಚೊಲೋ ಇರತ್ತೆ, ಆದ್ರೆ ಈ ಸೆಟ್ಟಿನ ವಿಶೇಷ ಏನಂದ್ರೆ ಒಂದೇ ಕಾದಂಬರಿ ಮೇಲೆ ಹತ್ತು ವರ್ಷದೊಳಗೆ ತೆಗೆದ ಮೂರೂ ಸಿನಿಮಾ ಒಟ್ಟಿಗೇ ಇದೆ, 1931ರದ್ದು, 1936ರದ್ದು, ಮತ್ತೆ ಎಲ್ಲರಿಗೂ ಗೊತ್ತಿರೋ 1941ರದ್ದು. ಅಂದ್ರೆ ಒಂದೇ ಸುಳ್ಳುಗಾತಿ ಪಾತ್ರಾನ ಮೂರು ಜನ ನಟಿಯರು ಹೇಗೆ ಮಾಡಿದ್ರು ಅಂತ ಮನೇಲೇ ಕೂತು ಹೋಲಿಸಿ ನೋಡಬಹುದು. ಈ ಒಂದು ಕಾರಣಕ್ಕೇ ನಾನು ಇದಕ್ಕೆ ಐದಕ್ಕೆ ಐದು ಕೊಡೋದು.

ಮುಂದೆ ಕೊಲೆ ಮಾಡಿದ್ದು ಯಾರು ಅಂತಾನೂ ಹೇಳ್ತೀನಿ, ಅದು ಹೇಳದೇ ಈ ಪಾತ್ರದ ಬಗ್ಗೆ ಮಾತಾಡೋಕೇ ಆಗಲ್ಲ, ಹಾಗಾಗಿ ಸಿನಿಮಾ ನೋಡದೇ ಇದ್ದೋರು ಇಲ್ಲಿಗೇ ನಿಲ್ಸಿ.

ಈ ಸಿನಿಮಾ ಅಂದ ಕೂಡ್ಲೇ ಎಲ್ಲರೂ ಪತ್ತೇದಾರ ಸ್ಯಾಮ್ ಸ್ಪೇಡ್ ಪಾತ್ರ ಮಾಡಿದ ಹಂಫ್ರಿ ಬೊಗಾರ್ಟ್ ಅಂತಾರೆ, ಜಾನ್ ಹ್ಯೂಸ್ಟನ್ ನಿರ್ದೇಶನ ಮಾಡಿದ ಮೊದಲ್ನೇ ಸಿನಿಮಾ ಅಂತಾರೆ, 61ನೇ ವಯಸ್ಸಲ್ಲಿ ಮೊದಲ ಸಲ ಸಿನಿಮಾಕ್ಕೆ ಬಂದ ಸಿಡ್ನಿ ಗ್ರೀನ್‌ಸ್ಟ್ರೀಟ್ ಅಂತಾರೆ, ಎಲ್ಲಾ ಖರೆ. ಆದ್ರೆ ಆ ಸುಳ್ಳುಗಾತಿ ಬ್ರಿಜಿಡ್ ಪಾತ್ರ ಮಾಡಿದ ಮೇರಿ ಆಸ್ಟರ್ ಮಾತು ಬಂದಾಗ ಎಷ್ಟೋ ಜನ ಆ ಪಾತ್ರಕ್ಕೆ ಬೇಕಾದಷ್ಟು ಚೆಂದ ಇಲ್ಲ, ವಯಸ್ಸಾಯ್ತು, ಮಾದಕವಾಗಿಲ್ಲ ಅಂತ ಹೇಳಿ ಮುಗಿಸಿಬಿಡ್ತಾರೆ, ಅದನ್ನ ಓದಿದಾಗೆಲ್ಲ ನಂಗೆ ರಾಶಿ ಬೇಜಾರಾಗತ್ತೆ. ಇವರಿಗೆಲ್ಲ ಬೇಕಾಗಿರೋದು ಬಾಗಿಲಲ್ಲಿ ನಿಂತ ಕೂಡ್ಲೇ ಇವಳು ವಂಚಕಿ ಅಂತ ಗೊತ್ತಾಗೋ ಹೆಂಗಸು. ಅಂಥವಳನ್ನ ನಂಬಿ ಯಾವ ಪತ್ತೇದಾರ ದುಡ್ಡು ತಗೊಂಡು ಕೆಲಸ ಒಪ್ಕೋತಾನೆ? ಆಸ್ಟರ್ ಬಂದು ಕೂತಾಗ ಒಳ್ಳೇ ಮನೆತನದ, ಇಂಥ ಜಾಗಕ್ಕೆ ಬಂದು ಅಭ್ಯಾಸ ಇಲ್ಲದ ಹೆಣ್ಣುಮಗಳ ಹಾಗೆ ಕಾಣ್ತಾರೆ, ತಲೆ ನೀಟು, ಹ್ಯಾಟು ನೀಟು, ಮಾತು ಮೆತ್ತಗೆ. ಆ ಮರ್ಯಾದಸ್ತ ರೂಪಾನೇ ಬ್ರಿಜಿಡ್ ಕೈಲಿರೋ ಆಯುಧ. ಆಗ ಆಸ್ಟರ್‌ಗೆ 35 ವರ್ಷ, ಸರಿಯಾದ ವಯಸ್ಸೇ, ಇಷ್ಟು ಅಚ್ಚುಕಟ್ಟಾಗಿ ಸುಳ್ಳು ಹೇಳೋಕೆ ಬದುಕು ಸ್ವಲ್ಪ ನೋಡಿರಬೇಕು.

ಕಥೆ ಮರೆತೋರಿಗೆ ಬೇಗ ಹೇಳ್ತೀನಿ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸ್ಯಾಮ್ ಸ್ಪೇಡ್, ಮೈಲ್ಸ್ ಆರ್ಚರ್ ಅಂತ ಇಬ್ಬರು ಪಾರ್ಟ್ನರ್ ಪತ್ತೇದಾರರು, ಮಿಸ್ ವಂಡರ್ಲಿ ಅಂತ ಒಬ್ಬಳು ಬಂದು ನನ್ನ ತಂಗಿ ಥರ್ಸ್ಬಿ ಅನ್ನೋನ ಜೊತೆ ಓಡಿ ಬಂದಿದಾಳೆ ಹುಡುಕ್ಕೊಡಿ ಅಂತಾಳೆ, ಅವತ್ತು ರಾತ್ರಿನೇ ಆರ್ಚರ್ ಹೆಣ ಬೀಳತ್ತೆ, ಥರ್ಸ್ಬಿನೂ ಸಾಯ್ತಾನೆ. ತಂಗೀನೂ ಇಲ್ಲ ಏನೂ ಇಲ್ಲ, ವಂಡರ್ಲಿ ಅನ್ನೋ ಹೆಸರೂ ಸುಳ್ಳು, ಆಮೇಲೆ ಲೆಬ್ಲಾಂಕ್ ಆಗ್ತಾಳೆ, ಆಮೇಲೆ ಬ್ರಿಜಿಡ್ ಓಶಾನೆಸಿ. ಎಲ್ಲರೂ ಬೆನ್ನು ಹತ್ತಿರೋದು ಒಂದು ಕಪ್ಪು ಹಕ್ಕಿ ಮೂರ್ತಿಯ. ಹಕ್ಕಿ ವಿಷಯ ಬಿಡಿ.

ಮೊದಲ್ನೇ ಸೀನೇ ನೋಡಿ. ಆಸ್ಟರ್ ಮಾತು ಶುರು ಮಾಡೋದು ಉಸಿರು ಸಾಕಾಗದ ಹಾಗೆ, ಒಂದು ವಾಕ್ಯ ಹೇಳಿ ನಿಲ್ತಾರೆ, ಕೆಳಗೆ ನೋಡ್ತಾರೆ, ಮತ್ತೆ ಶುರು ಮಾಡ್ತಾರೆ, ಗಾಬರಿಯಾದವರು ಮಾತಾಡೋದೇ ಹಾಗೆ ಅಲ್ವಾ. ಇದಕ್ಕೆ ಅವರು ಮಾಡ್ತಾ ಇದ್ದ ಉಪಾಯಾನ ಆಮೇಲೆ ಅವರೇ ಬರ್ಕೊಂಡಿದಾರೆ, ಶಾಟ್‌ಗೆ ಮೊದಲು ಜೋರು ಜೋರಾಗಿ ಉಸಿರು ಎಳೆದು ಬಿಟ್ಟು ಮಾಡಿ ತಲೆ ಒಂಚೂರು ತಿರುಗೋ ಹಂಗಾದಾಗ ಕ್ಯಾಮೆರಾ ಮುಂದೆ ಹೋಗ್ತಿದ್ರಂತೆ. ಅಂದ್ರೆ ಪಾತ್ರದ ಗಾಬರಿ ಸುಳ್ಳು, ಆದ್ರೆ ನಟಿ ಮೈಯಲ್ಲಿ ಆಗ್ತಿರೋ ಏದುಸಿರು ಖರೆ. ಇದು ಗೊತ್ತಾದ ಮೇಲೆ ಮತ್ತೆ ನೋಡಿದ್ರೆ ಇನ್ನೂ ರುಚಿ ಜಾಸ್ತಿ.

ಎರಡನೇ ಭೇಟಿ ನಂಗೆ ಇಡೀ ಸಿನಿಮಾದಲ್ಲಿ ಅತೀ ಇಷ್ಟದ್ದು. ತಂಗಿ ಕಥೆ ಸುಳ್ಳು ಅಂತ ಅವಳೇ ಒಪ್ಕೋತಾಳೆ, ಸ್ಪೇಡ್ ತಣ್ಣಗೆ ನಾವೇನು ನಿಮ್ಮ ಕಥೆ ನಂಬಿರಲಿಲ್ಲ, ನೀವು ಕೊಟ್ಟ 200 ಡಾಲರ್ ನಂಬಿದ್ವಿ ಅಂತಾನೆ. ಆಮೇಲೆ ಅವಳು ನೀವು ಧೈರ್ಯವಂತರು ನೀವೇ ಕಾಪಾಡಬೇಕು ಅಂತ ಬೇಡ್ಕೊಳ್ಳೋಕೆ ಶುರು ಮಾಡ್ತಾಳೆ, ಕಣ್ಣು ಅಗಲ, ಗಂಟಲು ನಡುಗ್ತಾ ಇದೆ, ಪೂರ್ತಿ ಕೇಳಿದ ಮೇಲೆ ಸ್ಪೇಡ್ ಮುಖಕ್ಕೇ ಹೇಳ್ತಾನೆ, ಚೊಲೋ ಮಾಡ್ತೀರಿ ನೀವು, ಮುಖ್ಯವಾಗಿ ಆ ಕಣ್ಣು ಮತ್ತೆ ಆ ದನಿ ನಡುಕ ಅಂತ. ಸಿಕ್ಕಿಬಿದ್ಲು. ಬೇರೆ ಯಾವ ನಟಿ ಆಗಿದ್ರೂ ಇಲ್ಲಿ ಸಿಟ್ಟು ಮಾಡ್ತಿದ್ರು, ಇಲ್ಲ ಇನ್ನೂ ಜೋರಾಗಿ ಅಳ್ತಿದ್ರು. ಆಸ್ಟರ್ ಸುಮ್ನೆ ಹಿಂದಕ್ಕೆ ಒರಗಿ ದನಿ ಇಳಿಸಿ ನಾನು ಹೇಳಿದ ರೀತಿಯಲ್ಲಿ ಸುಳ್ಳಿತ್ತು, ಹೇಳಿದ ವಿಷಯದಲ್ಲಿ ಇರಲಿಲ್ಲ ಅಂತಾರೆ, ಮುಖದಲ್ಲಿ ಸುಸ್ತು, ಸೋತೋರ ಹಾಗೆ. ಸ್ಪೇಡ್ ಅದಕ್ಕೆ ಈಗ ನೀವು ಅಪಾಯ ಅಂತಾನೆ, ಯಾಕಂದ್ರೆ ಒಂದು ನಾಟಕ ಬಿದ್ದ ಜಾಗದಲ್ಲೇ ಅದಕ್ಕಿಂತ ಚೆನ್ನಾಗಿರೋ ಇನ್ನೊಂದು ಶುರುವಾಗಿದೆ, ಅದು ನಾಟಕ ಹೌದೋ ಅಲ್ವೋ ಅಂತ ಹೇಳೋಕೇ ಆಗ್ತಿಲ್ಲ.

ನಮ್ಮ ಆಯಿ ಜೊತೆ ಕೂತು ನೋಡ್ತಿದ್ರು. ಆಯಿಗೆ ಇಂಗ್ಲಿಷ್ ಬರಲ್ಲ, ಆದ್ರೆ ಚಿಕ್ಕಂದಿನಿಂದ ರಾತ್ರಿಪೂರ್ತಿ ಯಕ್ಷಗಾನದ ಆಟ ನೋಡಿ ಬೆಳೆದೋರು, ವೇಷ ನೋಡೋ ಕಣ್ಣು ಇದೆ. ಆ ಬೇಡ್ಕೊಳ್ಳೋ ಜಾಗದಲ್ಲಿ ನಾನೇನೂ ಹೇಳದೇನೇ "ತಮಾ, ಅದು ಅಳ್ತಾ ಇಲ್ಲೆ, ಅತ್ತಂಗೆ ಮಾಡ್ತಾ ಇದ್ದು" ಅಂದ್ರು. ದನಿ ಇಳಿದ ಕೂಡ್ಲೇ "ಈಗ ಹೇಳಿದ್ದು ಖರೆ ಆಗಿಕ್ಕು" ಅಂದ್ರು. ಮಾತು ಒಂದಕ್ಷರ ಅರ್ಥ ಆಗದೇ ಬರೀ ಮುಖ, ಭುಜ, ದನಿ ಏರಿಳಿತ ನೋಡಿ ಹೇಳಿದ್ದು ಇದು. ಆಸ್ಟರ್ ಮೂಕಿ ಚಿತ್ರದ ಕಾಲದಿಂದ ಬಂದೋರು, 1926ರಲ್ಲೇ ಜಾನ್ ಬ್ಯಾರಿಮೋರ್ ಎದುರು ಡಾನ್ ಜುವಾನ್‌ನಲ್ಲಿ ಮಾಡಿದೋರು, ಮಾತಿಲ್ಲದೇ ವಿಷಯ ಮುಟ್ಟಿಸೋದು ಅವರಿಗೆ ಅಲ್ಲಿಂದಾನೇ ಬಂದಿರಬೇಕು ಅಂತ ನಂಗನ್ಸತ್ತೆ.

ಯಕ್ಷಗಾನದ ಮಾತು ಬಂತು ಅಂತ ಹೇಳ್ತೀನಿ, ಪಂಚವಟಿ ಪ್ರಸಂಗದಲ್ಲಿ ಮಾಯಾ ಶೂರ್ಪನಖಿ ಬರೋ ಮೊದಲೇ ಘೋರ ಶೂರ್ಪನಖೀನ ನಾವು ನೋಡಿರ್ತೀವಿ, ಆ ವೇಷ ಬೇರೆ ಕಲಾವಿದರದ್ದು, ಈ ವೇಷ ಬೇರೆಯವರದ್ದು, ಹಾಗಾಗಿ ರಾಮನ ಮುಂದೆ ಎಷ್ಟು ಚೆಂದ ಮಾತಾಡಿದ್ರೂ ಸಭೆಯಲ್ಲಿ ಕೂತೋರಿಗೆಲ್ಲ ಒಳಗಿರೋದು ಯಾರು ಅಂತ ಗೊತ್ತು, ಆ ಗೊತ್ತಿರೋದರಲ್ಲೇ ಸಂತೋಷ. ಭಸ್ಮಾಸುರ ಮೋಹಿನಿಯಲ್ಲೂ ಅಷ್ಟೇ, ಮೋಹಿನಿ ಯಾರು ಅಂತ ಭಸ್ಮಾಸುರನಿಗೊಬ್ಬನಿಗೇ ಗೊತ್ತಿಲ್ಲ. ಮಾಲ್ಟೀಸ್ ಫಾಲ್ಕನ್‌ನಲ್ಲಿ ಆ ಅನುಕೂಲ ನಮಗಿಲ್ಲ, ಘೋರ ರೂಪ ಕೊನೇವರೆಗೂ ಬರೋದೇ ಇಲ್ಲ, ನಾವೂ ಸ್ಪೇಡ್ ಪಕ್ಕದಲ್ಲೇ ಕೂತಿರ್ತೀವಿ, ಅವನಿಗೆ ಗೊತ್ತಿದ್ದಷ್ಟೇ ನಮಗೂ ಗೊತ್ತು. ಎರಡೂ ವೇಷಾನ ಒಂದೇ ಮುಖದಲ್ಲಿ ಆಸ್ಟರ್ ಒಬ್ಬರೇ ಮಾಡಬೇಕು, ಅದೂ ಬಣ್ಣ ಬದಲಿಸದೇ. ಹಕ್ಕಿ ಹಿಂದೆ ಬಿದ್ದಿರೋ ಇನ್ನೊಬ್ಬ, ಪೀಟರ್ ಲಾರ್ ಮಾಡಿದ ಕೈರೋ ಅನ್ನೋನ ಜೊತೆ ಜಗಳ ಬಂದಾಗ ಒಂದೇ ಒಂದು ಕ್ಷಣ ಆ ಇನ್ನೊಂದು ಮುಖ ಕಾಣತ್ತೆ, ಸರಕ್ಕಂತ ಕೈ ಎತ್ತಿ ಹೊಡೀತಾರೆ, ಕಣ್ಣಲ್ಲಿ ಗಾಬರಿ ಗೀಬರಿ ಏನೂ ಇಲ್ಲ, ಮತ್ತೆ ಸ್ಪೇಡ್ ಕಡೆ ತಿರುಗೋ ಹೊತ್ತಿಗೆ ಪಾಪದ ಹೆಣ್ಣು ವಾಪಸ್.

ಇನ್ನೊಂದು ಗಮನಿಸಿ, ಅವಳಿಗೆ ಸುಳ್ಳು ಹೊಂದಿಸ್ಕೊಳ್ಳೋಕೆ ಟೈಮ್ ಬೇಕಾದಾಗ ಎದ್ದು ಕೋಣೇಲಿ ಸಾಮಾನು ಸರಿ ಮಾಡ್ತಾಳೆ, ಒಲೆಯ ಬೆಂಕಿ ಕೆದಕ್ತಾಳೆ. ಸ್ಪೇಡ್ ಅದನ್ನೂ ಹಿಡಿದು ಹೇಳ್ತಾನೆ, ಮತ್ತೆ ಹಾಗೆ ಮಾಡಲ್ವಲ್ಲ ಅಂತ. ಅದಾದ ಮೇಲೆ ನಾವೂ ಅವಳ ಕೈ ನೋಡೋಕೆ ಶುರು ಮಾಡ್ತೀವಿ. ಸುಳ್ಳು ಹೇಳಿ ಹೇಳಿ ಸಾಕಾಗಿದೆ, ಯಾವುದು ಸುಳ್ಳು ಯಾವುದು ನಿಜ ಅಂತ ನಂಗೇ ಗೊತ್ತಾಗಲ್ಲ ಅಂತ ರಾತ್ರಿ ಸ್ಪೇಡ್ ಹತ್ರ ಹೇಳೋ ಜಾಗ ಇದೆಯಲ್ಲ, ಅಲ್ಲಿ ಕೈ ಸುಮ್ನೆ ಇರತ್ತೆ. ನನ್ನ ಮಟ್ಟಿಗೆ ಇಡೀ ಸಿನಿಮಾದಲ್ಲಿ ಅವಳು ಹೇಳಿದ ಅತ್ಯಂತ ಖರೆ ಮಾತು ಅದು.

ಕೊನೇ ಸೀನು. ಹಕ್ಕಿ ನಕಲಿ ಅಂತ ಗೊತ್ತಾಗಿ ಉಳಿದೋರೆಲ್ಲ ಹೋದ ಮೇಲೆ ಸ್ಪೇಡ್ ತಿರುಗಿ ಆರ್ಚರ್ ಸಾವಿನ ಲೆಕ್ಕ ಹಾಕ್ತಾನೆ, ಅಷ್ಟು ಅನುಭವ ಇರೋ ಮನುಷ್ಯ ತಾನೇ ಹಿಂಬಾಲಿಸ್ತಾ ಇದ್ದೋನ ಜೊತೆ ಕತ್ತಲೆ ಓಣಿಗೆ ಕೋಟಿನ ಗುಂಡಿ ಹಾಕ್ಕೊಂಡು ಪಿಸ್ತೂಲು ಒಳಗಿಟ್ಕೊಂಡು ಹೋಗಲ್ಲ, ಆದ್ರೆ ನಿನ್ನ ಜೊತೆ ಆದ್ರೆ ಹೋಗ್ತಿದ್ದ ಅಂತ. ಅವಳು ಮೊದಲು ನಗ್ತಾಳೆ, ತಮಾಷೆಗೂ ಹಂಗೆ ಅನ್ಬೇಡ ಅಂತಾಳೆ, ಆ ನಗು ಮುಖದಿಂದ ಒಂದೇ ಸಲ ಹೋಗಲ್ಲ, ಬಾಯಲ್ಲಿ ಇರತ್ತೆ ಕಣ್ಣಲ್ಲಿ ಇರಲ್ಲ, ಇಲ್ಲಿ ಉಸಿರಾಟ ಮತ್ತೆ ಶುರುವಾಗತ್ತೆ, ಮೊದಲ ಸೀನಲ್ಲಿ ಇದ್ದದ್ದೇ, ಆದ್ರೆ ಈ ಸಲ ಗಾಬರಿ ಖರೆ. ಅದೇ ದನಿ, ಅದೇ ತಡವರಿಕೆ, ಎರಡಕ್ಕೂ ಬರೋ ಅರ್ಥ ಬೇರೆ. ಇದನ್ನ ಹೀಗೆ ಕಟ್ಟಿ ತರೋದು ಸಣ್ಣ ಮಾತಲ್ಲ. ಅವಳಿಗೆ ಸ್ಪೇಡ್ ಮೇಲೆ ಪ್ರೀತಿ ಇತ್ತಾ ಅಂದ್ರೆ ನಾನು ಇತ್ತು ಅಂತಾನೇ ಹೇಳೋದು, ಆದ್ರೆ ಅದನ್ನೂ ಅವಳು ಆಯುಧ ಮಾಡ್ಕೊಂಡ್ಲು, ಆ ಸ್ವಭಾವ ಬಿಟ್ಟು ಬೇರೆ ದಾರಿ ಅವಳಿಗೆ ಗೊತ್ತಿರಲಿಲ್ಲ. ಪೊಲೀಸರ ಜೊತೆ ಲಿಫ್ಟ್ ಒಳಗೆ ಹೋಗುವಾಗ ಜಾಲರಿ ಗೇಟು ಮುಖದ ಮುಂದೆ ಎಳೀತಾರಲ್ಲ, ಆರ್ಥರ್ ಈಡ್ಸನ್ ಕ್ಯಾಮೆರಾ, ಅಲ್ಲಿ ಆಸ್ಟರ್ ಏನೂ ಮಾಡಲ್ಲ, ಸುಮ್ನೆ ಎದುರಿಗೆ ನೋಡ್ತಾರೆ. ಸುಳ್ಳು ಹೇಳೋಕೆ ಯಾರೂ ಉಳಿದಿಲ್ಲ.

ಈಗ ಉಳಿದ ಎರಡು ಡಿಸ್ಕು. 1931ರದ್ದು ನೋಡೋ ಹಾಗಿದೆ, ಬೀಬಿ ಡೇನಿಯಲ್ಸ್ ಮಾಡಿದಾರೆ, ಟೀವಿಗೆ ಬರುವಾಗ ಇದರ ಹೆಸರನ್ನ ಡೇಂಜರಸ್ ಫೀಮೇಲ್ ಅಂತ ಬದಲಿಸಿದ್ರು, ಹೆಸರಲ್ಲೇ ಗುಟ್ಟು ರಟ್ಟು. ಆಗ ಹಾಲಿವುಡ್ಡಲ್ಲಿ ಸೆನ್ಸಾರ್ ನಿಯಮ ಅಷ್ಟು ಬಿಗಿ ಇರಲಿಲ್ಲ, ಹಾಗಾಗಿ ಕಾದಂಬರಿಯಲ್ಲಿ ಕಳೆದುಹೋದ ಸಾವಿರ ಡಾಲರ್ ನೋಟಿಗೋಸ್ಕರ ಅವಳ ಬಟ್ಟೆ ಬಿಚ್ಚಿಸಿ ಹುಡುಕೋ ಪ್ರಸಂಗ ಇದೆಯಲ್ಲ ಅದು ಇದರಲ್ಲಿ ಬರತ್ತೆ, 1941ರದ್ದರಲ್ಲಿ ಅದು ಇಲ್ಲವೇ ಇಲ್ಲ. ಡೇನಿಯಲ್ಸ್ ಚುರುಕು, ಧೈರ್ಯ ಇದೆ, ಆದ್ರೆ ಅವರ ಸುಳ್ಳು ಮೊದಲ ಸೀನಲ್ಲೇ ಕಣ್ಣಿಗೆ ಹೊಡೆಯತ್ತೆ, ನಮ್ಮ ಮಾರಿಕಾಂಬಾ ಜಾತ್ರೆಗೆ ಬರೋ ಕಂಪನಿ ನಾಟಕದಲ್ಲಿ ಖಳನಾಯಕಿ ಪ್ರೇಕ್ಷಕರ ಕಡೆ ತಿರುಗಿ ನಗ್ತಾಳಲ್ಲ ಹಾಗೆ. 1936ರ ಸೇಟನ್ ಮೆಟ್ ಎ ಲೇಡಿ ಬಗ್ಗೆ ಏನು ಹೇಳೋದು, ಹಕ್ಕಿ ಬದಲು ಕೊಂಬು ಹುಡುಕ್ತಾರೆ, ಕಾಮಿಡಿ ಮಾಡೋಕೆ ಹೋಗಿದಾರೆ, ಬೆಟ್ಟಿ ಡೇವಿಸ್ ಅಂಥ ನಟಿ ಇದ್ದೂ ಏನೂ ಆಗಿಲ್ಲ, ಅವರಿಗೇ ಅದು ಇಷ್ಟ ಇರಲಿಲ್ಲ. ಕರೆಂಟು ಇದ್ರೆ ನೋಡಿ, ಅದಕ್ಕೆ ಇನ್ವರ್ಟರ್ ಖರ್ಚು ಮಾಡ್ಬೇಡಿ.

ಆಸ್ಟರ್ ಬಗ್ಗೆ ಇನ್ನೊಂದು ವಿಷಯ ಹೇಳ್ಬೇಕು. 1936ರಲ್ಲಿ ಮಾಜಿ ಗಂಡನ ಜೊತೆ ಮಗಳು ಯಾರ ಹತ್ರ ಇರಬೇಕು ಅನ್ನೋ ಕೇಸು ನಡೆದಾಗ ಅವರ ಖಾಸಗಿ ಡೈರಿ ವಿಷಯ ಅಮೆರಿಕದ ಪೇಪರಲ್ಲೆಲ್ಲ ಬಂದು ದೊಡ್ಡ ರಂಪ ಆಗಿತ್ತು, ಒಂದು ಕಡೆ ಕೋರ್ಟು, ಜೊತೆಗೇ ಡಾಡ್ಸ್‌ವರ್ತ್ ಸಿನಿಮಾ ಕೆಲಸ, ಎರಡನ್ನೂ ತಲೆ ಎತ್ಕೊಂಡೇ ನಿಭಾಯಿಸಿದ್ರು. ಹಾಗಾಗಿ 1941ರಲ್ಲಿ ಥಿಯೇಟರಿಗೆ ಬಂದೋರಿಗೆ ಈ ಮುಖದ ಹಿಂದೆ ಬೇರೆ ಏನೋ ಇದೆ ಅಂತ ಮೊದಲೇ ಒಂದು ಅನುಮಾನ ಇದ್ದಿರಬೇಕು, ಜನ ತಮ್ಮ ಬಗ್ಗೆ ಏನಂದ್ಕೊಂಡಿದಾರೆ ಅಂತ ಗೊತ್ತಿದ್ದೂ ಇಂಥ ಪಾತ್ರ ಒಪ್ಕೊಂಡು ಮಾಡಿದ್ದು ನಂಗೆ ದೊಡ್ಡದಾಗಿ ಕಾಣತ್ತೆ. ಅದೇ 1941ರ ದ ಗ್ರೇಟ್ ಲೈ ಸಿನಿಮಾಕ್ಕೆ ಅವರಿಗೆ ಪೋಷಕ ನಟಿ ಆಸ್ಕರ್ ಬಂತು, ಬರಲಿ, ಆದ್ರೆ ಬ್ರಿಜಿಡ್ ಪಾತ್ರಕ್ಕೆ ಒಂದು ನಾಮಿನೇಷನ್ ಸಹ ಇಲ್ಲ. ಚಿತ್ರಕ್ಕೆ, ಚಿತ್ರಕಥೆಗೆ, ಗ್ರೀನ್‌ಸ್ಟ್ರೀಟ್‌ಗೆ ಎಲ್ಲಾ ನಾಮಿನೇಷನ್ ಸಿಕ್ಕಿತ್ತು. ಅನ್ಯಾಯ ಅಂತಾನೇ ಹೇಳ್ತೀನಿ.

ಎಕ್ಸ್ಟ್ರಾ ಐಟಮ್ಮುಗಳಲ್ಲಿ ಹಳೇ ರೇಡಿಯೋ ನಾಟಕಗಳಿವೆ, ಅದರಲ್ಲಿ 1943ರ ಒಂದು ನಾಟಕದಲ್ಲಿ ಬೊಗಾರ್ಟ್, ಆಸ್ಟರ್, ಲಾರ್, ಗ್ರೀನ್‌ಸ್ಟ್ರೀಟ್ ಅವರದ್ದೇ ದನಿ. ಕಾರವಾರ ಆಕಾಶವಾಣಿ ನಾಟಕ ಕೇಳಿ ಬೆಳೆದೋರಿಗೆ ಇದು ಹಬ್ಬ, ಮುಖಾನೇ ಇಲ್ಲದೇ ಬರೀ ದನಿಯಲ್ಲಿ ಆಸ್ಟರ್ ಹೇಗೆ ನಂಬಿಸ್ತಾರೆ ಅಂತ ಕೇಳಿ, ಲೈಟ್ ಆಫ್ ಮಾಡಿ ಕೇಳಿದ್ರೆ ಇನ್ನೂ ಚೊಲೋ.

ಕಷ್ಟಗಳೂ ಇವೆ. ನಂಗೆ ಬಂದಿದ್ದು ಅಮೆರಿಕದ ಡಿಸ್ಕು, ಅದು ರೀಜನ್ 1 (ಡಿಸ್ಕು ಯಾವ ದೇಶದ ಪ್ಲೇಯರಲ್ಲಿ ಓಡತ್ತೆ ಅಂತ ಹೇಳೋ ನಂಬರು), ಇಂಡಿಯಾದ್ದು ರೀಜನ್ 5, ಹಾಗಾಗಿ ಎಲ್ಲಾ ರೀಜನ್ ಓಡೋ ಪ್ಲೇಯರ್ ಇದ್ರೆ ಮಾತ್ರ ತಗೊಳ್ಳಿ, ಇಲ್ಲಾಂದ್ರೆ ದುಡ್ಡು ದಂಡ. ಕನ್ನಡ ಸಬ್‌ಟೈಟಲ್ ಇಲ್ಲ, ಇಂಗ್ಲಿಷಲ್ಲೂ ಡೈಲಾಗ್ ತುಂಬಾ ಫಾಸ್ಟ್, ಅದರಲ್ಲೂ ಬೊಗಾರ್ಟ್ ಉಸಿರು ಬಿಡದೇ ಮಾತಾಡೋ ಜಾಗದಲ್ಲಿ ಸಬ್‌ಟೈಟಲ್ ಓದ್ತಾ ಕೂತ್ರೆ ಆಸ್ಟರ್ ಮುಖ ತಪ್ಪಿಹೋಗತ್ತೆ, ಅದಕ್ಕೆ ಒಂದ್ಸಲ ಓದ್ಕೊಂಡು ನೋಡಿ, ಇನ್ನೊಂದ್ಸಲ ಸಬ್‌ಟೈಟಲ್ ತೆಗೆದು ನೋಡಿ. ಮಳೆಗಾಲದಲ್ಲಿ ಹಂಚಿನ ಮನೇಲಿ ನೋಡೋರು ಸೌಂಡಿಗೆ ಹೆಡ್‌ಫೋನ್ ಇಟ್ಕೊಳ್ಳಿ, ಮಳೆ ಸದ್ದಿಗೆ ಅವರ ಮೆತ್ತಗಿನ ಮಾತು ಕೇಳ್ಸೋದೇ ಇಲ್ಲ. ನೋಡೋ ಕ್ರಮ ಅಂದ್ರೆ ಮೊದಲು 1941, ಆಮೇಲೆ ರೇಡಿಯೋ, ಆಮೇಲೆ 1931, ಮತ್ತೆ 1941ರ ಮೊದಲ ಸೀನು ಇನ್ನೊಮ್ಮೆ. ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆಯವರು ಯಾರಿಗಾದ್ರೂ ಬೇಕಿದ್ರೆ ನನ್ನ ಸೆಟ್ಟೇ ಕೊಡ್ತೀನಿ, ನೋಡಿ ಜೋಪಾನವಾಗಿ ವಾಪಸ್ ಕೊಟ್ರೆ ಸಾಕು.